ಹಿಡಿದವರು ಬಿಡುವ ತನಕ

ಚಿತ್ರದುರ್ಗ
14 ಆಗಸ್ಟ್ 2023

ಹನುಮಂತರಾಜು ಸರ್ ಅವರಿಗೆ,

ಅನುಸೂಯಳ ನಮಸ್ಕಾರ. ನೀವು ಕೆಲಸ ಬಿಟ್ಟು ಮಾರಿಕಣಿವೆ ಸೇರಿ ಎರಡು ತಿಂಗಳಾಯಿತು. ಫೋನ್ ಮಾಡಿದರೆ ಕೇಳಿಸುವುದಿಲ್ಲ, ಮೆಸೇಜ್ ಓದಿದರೆ ಕಣ್ಣು ಉರಿಯುತ್ತದೆ, ಏನಿದ್ದರೂ ಕಾಗದದಲ್ಲಿ ಬರೆ ಎಂದು ಬಸ್ ಹತ್ತುವಾಗ ಹೇಳಿದ್ದಿರಿ. ಡಿಪ್ಲೊಮಾದ ಮೂರು ವರ್ಷ ನಿಮ್ಮ ಕೈಯಲ್ಲಿ ಉತ್ತರಪತ್ರಿಕೆ ತಿದ್ದಿಸಿಕೊಂಡವಳು ನಾನು. ಇದನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುತ್ತೀರೇನೋ ಎಂಬ ಭಯದಲ್ಲೇ ಬರೆಯುತ್ತಿದ್ದೇನೆ.

ನೀವು ನನಗೆ ಒಪ್ಪಿಸಿ ಹೋದ ದನಿ ಭಂಡಾರದ ಪೆಟ್ಟಿಗೆಗಳ ವಿಷಯ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಊರಿನ ಲೈಬ್ರರಿಗಳಲ್ಲಿ ನೀವು ಇಟ್ಟುಹೋದ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳ ಮುಂದೆ ಜನ ಬಂದು ಕೂತು ತಮ್ಮ ತಾಲ್ಲೂಕಿನ ಹಳೆಯ ಜನಪದ ಹಾಡು, ಪದಗಳನ್ನು ಕೇಳುತ್ತಾರೆ. ಅದನ್ನು ನೋಡುವುದೇ ಒಂದು ಚಂದ. ಆದರೆ ಇಬ್ಬರು ಒಟ್ಟಿಗೆ ಕೇಳಲು ಕೂತರೆ ಹಾಡು ತಡವರಿಸುತ್ತದೆ. ಹೋದ ವಾರ ಹೊಸದುರ್ಗದಲ್ಲಿ ಮಾರಣ್ಣ ಎಂಬುವರು, ಅವರಜ್ಜಿಯ ಹಾಡು ನಮ್ಮಲ್ಲಿದೆ, ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, "ಏನವ್ವ, ಈ ಪೆಟ್ಗೆಗೆ ಬಿಕ್ಕಳಿಕೆ ಬಂದೈತೇನು? ನಮ್ಮಜ್ಜಿ ಸಾಲಿಗೊಂದ್ಸಲ ನಿಂತು ನಿಂತು ಹಾಡ್ತಾಳೆ. ಬದುಕಿದ್ದಾಗ ಒಂದು ದಿನಾನೂ ಹಂಗೆ ನಿಂತೋಳಲ್ಲ" ಎಂದರು.

ಎರಡು ದಿನ ಕೂತು ಕಾರಣ ಹುಡುಕಿದೆ. ಹಾಡಿನ ಒಂದು ತುಣುಕು ಓದಿದಾಗೆಲ್ಲ ಪೆಟ್ಟಿಗೆಯ ಆಪರೇಟಿಂಗ್ ಸಿಸ್ಟಮ್ ಆ ಹಾಡಿನ ಹೆಸರಿನ ಮುಂದೆ "ಕೊನೆಯ ಸಲ ಓದಿದ್ದು ಈಗ" ಎಂದು ತಾರೀಕು, ವೇಳೆ ಬರೆಯುತ್ತದೆ. ಓದುವುದು ಹಗುರದ ಕೆಲಸ. ಬರೆಯುವುದು ನಮ್ಮ ಅಗ್ಗದ ಮೆಮೊರಿ ಕಾರ್ಡಿಗೆ ಭಾರ. ನೀರು ಕುಡಿಯಲು ಬಂದವರಿಗೆ ಪ್ರತಿ ಗುಟುಕಿಗೂ ಸಹಿ ಹಾಕಿ ಎಂದಂತಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಸಾಲು ಬದಲಿಸಿದರೆ ಈ ಬರೆಯುವುದು ನಿಲ್ಲುತ್ತದೆ, ಹಾಡು ಸಲೀಸಾಗಿ ಹರಿಯುತ್ತದೆ. ಬದಲಿಸಲೇ?

ನಿಮ್ಮ ವಿದ್ಯಾರ್ಥಿನಿ,
ಅನುಸೂಯ


ಮಾರಿಕಣಿವೆ
25 ಆಗಸ್ಟ್ 2023

ಅನುಸೂಯಮ್ಮ,

ಬೇಡ. ಆ ಸಾಲು ಮುಟ್ಟಬೇಡ.

ಕಡತ ಓದಿದರೆ ಓದಿದ ವೇಳೆ ನಮೂದಾಗಬೇಕು ಎನ್ನುವುದು ನನ್ನ ಮನೆಯ ಕಾನೂನಲ್ಲ. ಆಪರೇಟಿಂಗ್ ಸಿಸ್ಟಮ್‌ಗಳು ಹೇಗೆ ನಡೆಯಬೇಕೆಂದು ಬರೆದಿಟ್ಟ ಪೋಸಿಕ್ಸ್ ಸ್ಟ್ಯಾಂಡರ್ಡ್‌ನಲ್ಲಿದೆ. ಕ್ಯಾಲಿಕೊ ಬಟ್ಟೆಯ ಬೈಂಡ್ ಹಾಕಿಸಿ ದುರ್ಗದ ಲ್ಯಾಬಿನ ಬೀರುವಿನಲ್ಲಿ ಇಟ್ಟಿದ್ದೆನಲ್ಲ, ಆ ದಪ್ಪ ಪುಸ್ತಕ. ನೀನು ಮೂರು ವರ್ಷ ಅದನ್ನು ಕಿಟಕಿ ಬಡಿಯದಂತೆ ಒತ್ತು ಕೊಡಲು ಬಳಸಿದ್ದು ನನಗೆ ಗೊತ್ತಿದೆ. ಹಾಡು ನಿಧಾನವಾದರೆ ಆಗಲಿ. ಬೇಗ ಆಗಬೇಕೆಂದು ಇವತ್ತು ಒಂದು ನಿಯಮ ಬಿಟ್ಟವನು ನಾಳೆ ಇನ್ನೊಂದು ಬಿಡುತ್ತಾನೆ. ಕಾರಣ ಕೇಳಬೇಡ, ನಿಯಮ ನಿಯಮವೇ.

ಕಾಗುಣಿತ ಸರಿಯಿದೆ. ಅಕ್ಷರ ಮಾತ್ರ ಇನ್ನೂ ಕೋಳಿ ಕೆದರಿದಂತೆಯೇ ಇದೆ.

ಇನ್ನೊಂದು ಸುದ್ದಿ. ರಾಮಗಿರಿಯ ಶಾಂತಕ್ಕ ಹೋದ ವಾರ ತೀರಿಕೊಂಡಳು. ಹೋಗಿ ಬಂದೆ. ಅವಳ ಏಳೆತ್ತಿನ ಪದ ಹೊಳಲ್ಕೆರೆ ಪೆಟ್ಟಿಗೆಯಲ್ಲಿದೆ, ಎರಡೂವರೆ ಗಂಟೆಯದು. ಎಂಟು ವರ್ಷದ ಹಿಂದೆ ಅವಳ ಮನೆಯ ಅಂಗಳದಲ್ಲೇ ರೆಕಾರ್ಡರ್ ಇಟ್ಟು ಹಿಡಿದೆ. ನಡುವೆ ರಾಮಗಿರಿ ಸ್ಟೇಷನ್ನಿಗೆ ರೈಲು ಬಂದು ಕೂಗಿತು. ಶಾಂತಕ್ಕ ಪದ ನಿಲ್ಲಿಸಿ, ಕೈಯೆತ್ತಿ ನಮಗೂ ಸುಮ್ಮನಿರಲು ಹೇಳಿ, ರೈಲು ಪೂರ್ತಿ ಹೋದ ಮೇಲೆ ಬಿಟ್ಟ ಅಕ್ಷರದಿಂದಲೇ ಹಿಡಿದಳು. ನಾನು ಬೆರಗಾಗಿ ಕೂತುಬಿಟ್ಟೆ. ಅಷ್ಟು ದೊಡ್ಡ ಪದ ಪೂರ್ತಿ ಬರುತ್ತಿದ್ದುದು ಅವಳೊಬ್ಬಳಿಗೇ. ತಂಗಿ ಗಂಗಕ್ಕ ಪಕ್ಕದಲ್ಲಿ ಕೂತು ದನಿ ಸೇರಿಸುತ್ತಿದ್ದಳು, ಅವಳಿಗೆ ಅರ್ಧ ಬರುತ್ತದೆ.

ಮಣ್ಣು ಮಾಡುವಾಗ ಗಂಗಕ್ಕ ಏನೋ ಹಾಡಿದಳು. ಬಾಯಿ ಆಡಿದ್ದು ಕಂಡಿತು. ನನ್ನ ಬಲಗಿವಿಯೂ ಈಗ ಹೋಗಿದೆ.

ಹನುಮಂತರಾಜು


ಚಿತ್ರದುರ್ಗ
2 ನವೆಂಬರ್ 2023

ಸರ್,

ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ. ಬಲಗಿವಿಯ ವಿಷಯ ಓದಿ ಏನು ಬರೆಯಬೇಕೆಂದು ತಿಳಿಯಲಿಲ್ಲ, ಈಗಲೂ ತಿಳಿಯುತ್ತಿಲ್ಲ.

ಪೆಟ್ಟಿಗೆಗಳು ಚೆನ್ನಾಗಿ ಓಡುತ್ತಿವೆ. ಸ್ವಲ್ಪ ಏನೇನೋ ಸರಿಮಾಡಿದೆ. ಮಾರಣ್ಣನವರು ಈಗ ವಾರಕ್ಕೆರಡು ಸಲ ಬಂದು ಅಜ್ಜಿಯ ಹಾಡು ಕೇಳುತ್ತಾರೆ, ಹೋಗುವಾಗ ಪೆಟ್ಟಿಗೆಯ ತಲೆ ಸವರುತ್ತಾರೆ.

ನಿಮಗೆ ಬರೆಯಲೇಬೇಕೆನಿಸಿದ್ದು ಗಂಗಕ್ಕನ ವಿಷಯ. ಸೆಪ್ಟೆಂಬರ್ ಕೊನೆಯಿಂದ ಪ್ರತಿ ಮಂಗಳವಾರ ರಾಮಗಿರಿಯಿಂದ ಹೊಳಲ್ಕೆರೆ ಲೈಬ್ರರಿಗೆ ಬರುತ್ತಾರೆ. ಹನ್ನೊಂದಕ್ಕೆ ಸರಿಯಾಗಿ ಕೂರುತ್ತಾರೆ. ಶಾಂತಕ್ಕನ ಪದವನ್ನು ಒಂದು ವಾರಕ್ಕೆ ಐದಾರೇ ನಿಮಿಷ ಕೇಳುತ್ತಾರೆ, ಅದನ್ನೇ ನಾಲ್ಕು ಸಲ. ಆಮೇಲೆ ಹೆಡ್‌ಫೋನ್ ತೆಗೆದು ಗೋಡೆ ನೋಡುತ್ತಾ ತಾವೇ ಹೇಳಿಕೊಳ್ಳುತ್ತಾರೆ. ತಪ್ಪಿದರೆ ಮತ್ತೆ ಕೇಳುತ್ತಾರೆ. ಎಪ್ಪತ್ತು ವರ್ಷದ ಹೆಂಗಸು ಹೀಗೆ ಪಾಠ ಒಪ್ಪಿಸುವುದನ್ನು ನೋಡಿ, ನಾನು ಪರೀಕ್ಷೆಗೆ ಓದಿದ್ದನ್ನು ನೆನೆದು ನಾಚಿಕೆಯಾಯಿತು. ಬರುವ ಶ್ರಾವಣದಲ್ಲಿ ಅವರ ಹಟ್ಟಿಯಲ್ಲಿ ದೇವರ ಎತ್ತುಗಳ ಮುಂದೆ ಪದ ಹೇಳಬೇಕಂತೆ. ಈ ವರ್ಷ ಶಾಂತಕ್ಕ ತೀರಿಕೊಂಡ ಸೂತಕವೆಂದು ಬಿಟ್ಟರಂತೆ. "ಎಲ್ಡು ವರ್ಸ ಬಿಟ್ರೆ ಪದ ಮುನಿಸ್ಕಂತೈತೆ ಕಣವ್ವ. ಆಮ್ಯಾಕೆ ಯಾರ ಬಾಯಿಗೂ ಬರಾಕಿಲ್ಲ" ಎನ್ನುತ್ತಾರೆ.

ಒಂದು ತಮಾಷೆ. ಅವರು ಎದ್ದು ಹೋಗುವಾಗ ಪೆಟ್ಟಿಗೆ ಆಫ್ ಮಾಡಲು ಬಿಡುವುದಿಲ್ಲ. ಹಾಡು ಮುಚ್ಚಲೂ ಬಿಡುವುದಿಲ್ಲ, ನಿಂತಲ್ಲೇ ನಿಂತಿರಬೇಕು. ಅವರ ಮನೆಯ ಪದ್ಧತಿಯಂತೆ, ಪದ ನಡುವೆ ನಿಂತರೆ ಮಂಗಳ ಹಾಡುವ ತನಕ ದೀಪ ಕಳೆಯುವ ಹಾಗಿಲ್ಲ. ಪೆಟ್ಟಿಗೆಯ ಹಸಿರು ದೀಪವೇ ಈಗ ಅವರಿಗೆ ಆ ದೀಪ. ನೀವು ಕೆಲಸ ಬಿಟ್ಟ ಮೇಲೆ ಲೈಬ್ರರಿಗೆ ಹೊಸದಾಗಿ ಬಂದ ದಾಕ್ಷಾಯಣಮ್ಮ ಮೊದಮೊದಲು ಗೊಣಗಿದರು. ಈಗ ಕರೆಂಟ್ ಹೋದರೆ ಬ್ಯಾಟರಿ ಸರಿಯಿದೆಯೇ ಎಂದು ಅವರೇ ಮೊದಲು ನೋಡುತ್ತಾರೆ. ಬೇರೆಯವರು ಬೇರೆ ಹಾಡು ಕೇಳಿದರೂ ಗಂಗಕ್ಕನದು ಪರದೆಯ ಮೂಲೆಯಲ್ಲಿ ನಿಂತೇ ಇರುತ್ತದೆ, ಮುಂದಿನ ಮಂಗಳವಾರದ ತನಕ.

ನಿಮ್ಮ
ಅನುಸೂಯ


ಮಾರಿಕಣಿವೆ
11 ಡಿಸೆಂಬರ್ 2023

ಅನುಸೂಯಮ್ಮ,

"ಸ್ವಲ್ಪ ಏನೇನೋ ಸರಿಮಾಡಿದೆ" ಎಂದರೆ ಏನು? ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಅರ್ಧ ಮಾರ್ಕೂ ಕೊಡುತ್ತಿರಲಿಲ್ಲ.

ಮಾರಣ್ಣ ಮೊನ್ನೆ ಡ್ಯಾಮ್ ನೋಡಲು ನೆಂಟರನ್ನು ಕರೆದುಕೊಂಡು ಬಂದಿದ್ದ, ನನ್ನ ಮನೆಗೂ ಬಂದ. ಬಾಯಿ ಆಡಿಸಿದ, ಕೈ ಆಡಿಸಿದ, ನನಗೆ ತಿಳಿಯಲಿಲ್ಲ. ಕೊನೆಗೆ ನನ್ನ ಅಂಗೈ ಬಿಡಿಸಿ ಬೆರಳಿನಿಂದ ಬರೆದ: ಈಗ ನಿಲ್ಲಲ್ಲ. ಬರೆದು ಕಣ್ಣೊರೆಸಿಕೊಂಡ.

ಎಂಟು ವರ್ಷ ನನ್ನ ಕೈಯಲ್ಲಿ ಆಗದ್ದು ನಿನ್ನಿಂದ ಆಗಿದೆ. ಇದನ್ನು ಬರೆಯಲು ನನಗೇನೂ ಸಂಕೋಚವಿಲ್ಲ, ಹೆಮ್ಮೆಯಿದೆ. ಹೇಗೆ ಮಾಡಿದೆ ಎಂದು ವಿವರವಾಗಿ ಬರೆ. ಕಲಿಯುತ್ತೇನೆ.

ಹನುಮಂತರಾಜು


ಚಿತ್ರದುರ್ಗ
30 ಮಾರ್ಚ್ 2024

ಸರ್,

ಮೂರು ತಿಂಗಳಿಗೂ ಮೇಲಾಯಿತು, ಉತ್ತರ ಬರೆದಿಲ್ಲ. ಬರೆದು ಹರಿದ ಕಾಗದ ನಾಲ್ಕಿವೆ. ಬೈಯಬೇಡಿ. ಹೇಗೆ ಮಾಡಿದೆ ಎಂಬುದನ್ನು ಇನ್ನೊಮ್ಮೆ ಬರೆಯುತ್ತೇನೆ.

ಈಗ ಬರೆಯುತ್ತಿರುವುದು ಒಂದು ಸಣ್ಣ ತೊಡಕಿನ ಬಗ್ಗೆ. ಮಾರ್ಚ್ ಕೊನೆಯಾಯಿತಲ್ಲ, ಪ್ರತಿ ವರ್ಷ ನೀವು ಮಾಡುತ್ತಿದ್ದಂತೆ ಪೆಟ್ಟಿಗೆ ಖಾಲಿ ಮಾಡುವ ಕೆಲಸ. ಮೆಮೊರಿ ಕಾರ್ಡ್ ತುಂಬಿದೆ, ಹೊಸದು ತರುವುದಿಲ್ಲ, ವರ್ಷವಿಡೀ ಒಬ್ಬರೂ ಕೇಳದ ಹಾಡುಗಳನ್ನು ತೆಗೆದುಹಾಕಿ ಹೊಸದಕ್ಕೆ ಜಾಗ ಮಾಡಿ ಎಂಬುದು ದನಿ ಭಂಡಾರದ ಕಮಿಟಿಯವರ ಹಳೆಯ ಮಾತು. ನೀವು ಬರೆದಿಟ್ಟ ಪ್ರೋಗ್ರಾಮನ್ನೇ ಓಡಿಸಿದೆ. ಮೊದಲು ಹೊಳಲ್ಕೆರೆಯದು. ಮೂವತ್ತೊಂದು ಹಾಡುಗಳ ಪಟ್ಟಿ ಕೊಟ್ಟಿತು. ಹೆಸರಿಲ್ಲ, ಬರೀ ನಂಬರ್. ಯಂತ್ರ ಕೊಟ್ಟ ಪಟ್ಟಿ ಎಂದು ನಂಬಿ, ಇಲ್ಲಿಂದಲೇ ಮೂವತ್ತೊಂದನ್ನೂ ಅಳಿಸಿದೆ.

ತೊಡಕು ಇದು. ಅಳಿಸಿದ್ದು ಮೂವತ್ತೊಂದು, ಆದರೆ ಜಾಗ ಖಾಲಿಯಾದದ್ದು ಮೂವತ್ತು ಹಾಡಿನಷ್ಟೇ. ಮೂರು ಸಲ ಲೆಕ್ಕ ಹಾಕಿದೆ. ಪಟ್ಟಿಯಲ್ಲಿ ಒಂದು ಬಹಳ ದೊಡ್ಡದಿತ್ತು, ಎರಡೂವರೆ ಗಂಟೆಯದು. ಸರಿಯಾಗಿ ಅದರಷ್ಟೇ ಜಾಗ ವಾಪಸ್ ಬಂದಿಲ್ಲ. ಪೆಟ್ಟಿಗೆಗೆ ಏನೋ ಗ್ರಹಚಾರ ಹಿಡಿದಿರಬೇಕು. ಗುರುವಾರ ಹೊಳಲ್ಕೆರೆಗೆ ಹೋಗುತ್ತೇನೆ, ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೇನೆ. ನಿಮಗೇನಾದರೂ ಬೇರೆ ತೋಚಿದರೆ ತಿಳಿಸಿ.

ಅನುಸೂಯ


ಮಾರಿಕಣಿವೆ
2 ಏಪ್ರಿಲ್ 2024, ಮಂಗಳವಾರ ಬೆಳಗ್ಗೆ

ಅನುಸೂಯಮ್ಮ,

ನಿನ್ನ ಕಾಗದವನ್ನು ಪೋಸ್ಟ್‌ಮನ್ ಈಗ ತಾನೇ ಕೊಟ್ಟ. ಪಕ್ಕದ ಮನೆಯ ಚಿತ್ತಯ್ಯನಿಗೆ ನಿನಗೆ ಫೋನ್ ಮಾಡಲು ಹೇಳಿದ್ದೇನೆ. ಅವನು ಎರಡೇ ಮಾತು ಹೇಳುತ್ತಾನೆ: ಹೊಳಲ್ಕೆರೆ ಪೆಟ್ಟಿಗೆ ಆಫ್ ಮಾಡಬೇಡ, ಪದ ಮುಗಿಯಲು ಬಿಡಬೇಡ. ಯಾಕೆಂದು ಈ ಕಾಗದದಲ್ಲಿದೆ. ಹನ್ನೊಂದರ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ, ದುರ್ಗದ ಸ್ಟ್ಯಾಂಡಿನಲ್ಲಿ ಇಸಿದುಕೋ.

ನಿನ್ನ ಪೆಟ್ಟಿಗೆಗೆ ಗ್ರಹಚಾರ ಹಿಡಿದಿಲ್ಲ, ನಿಯಮ ಪಾಲಿಸುತ್ತಿದೆ. ಆ ಕ್ಯಾಲಿಕೊ ಪುಸ್ತಕದಲ್ಲೇ ಇನ್ನೊಂದು ನಿಯಮವಿದೆ. ಒಬ್ಬರು ಒಂದು ಕಡತವನ್ನು ತೆರೆದು ಕೂತಿರುವಾಗ ಇನ್ನೊಬ್ಬರು ಬಂದು ಅದನ್ನು ಅಳಿಸಿದರೆ, ಹೋಗಬೇಕಾದದ್ದು ಹೆಸರು ಮಾತ್ರ. ಹಿಡಿದವರು ಬಿಡುವ ತನಕ ಒಳಗಿನದು ಹಾಗೇ ಇರಬೇಕು. ಹೆಸರು ಹೋದದ್ದರಿಂದ ನಿನಗೆ ಪಟ್ಟಿಯಲ್ಲಿ ಕಾಣುವುದಿಲ್ಲ. ಒಳಗಿನದು ಇರುವುದರಿಂದ ಜಾಗ ಖಾಲಿಯಾಗಿಲ್ಲ. ಯಾರೋ ಹಿಡಿದುಕೊಂಡಿದ್ದಾರೆ.

ಹೊಳಲ್ಕೆರೆಯಲ್ಲಿ ಎರಡೂವರೆ ಗಂಟೆಯ ಹಾಡು ಇರುವುದು ಒಂದೇ. ಅದನ್ನು ತೆರೆದಿಟ್ಟು, ಮುಚ್ಚಬೇಡಿ ಎಂದು ದೀಪ ಕಾಯಿಸುತ್ತಿರುವವಳು ಯಾರೆಂದು ನೀನೇ ಬರೆದಿದ್ದೀಯ.

ಆ ಪದದ ಬೇರೆ ಪ್ರತಿ ನನ್ನ ಹತ್ತಿರ ಇಲ್ಲ. ರೆಕಾರ್ಡರಿನ ಕಾರ್ಡಿನ ಮೇಲೆ ಆಮೇಲೆ ಹತ್ತು ಹಾಡು ಹಿಡಿದೆ. ಆದ್ದರಿಂದ ಸರಿಯಾಗಿ ಕೇಳು. ಪೆಟ್ಟಿಗೆ ಆಫ್ ಆದರೆ ಕೈ ಬಿಟ್ಟಂತೆ, ಪದ ಹೋಯಿತು. ಹಾಡು ಕೊನೆ ಮುಟ್ಟಿದರೂ ಅಷ್ಟೇ, ಮುಗಿದ ಕಡತವನ್ನು ಪೆಟ್ಟಿಗೆ ತಾನೇ ಮುಚ್ಚುತ್ತದೆ. ಇವತ್ತು ಮಂಗಳವಾರ. ಗಂಗಕ್ಕ ಪದದ ಎಲ್ಲಿಗೆ ಬಂದಿದ್ದಾಳೋ ನನಗೆ ಗೊತ್ತಿಲ್ಲ.

ಹಿಡಿದಿರುವ ಕೈಯಿಂದಲೇ ನಕಲು ತೆಗೆದುಕೊಳ್ಳುವ ದಾರಿ ಇದೆ. ಹೆಜ್ಜೆ ಹೆಜ್ಜೆಯಾಗಿ ಈ ಹಾಳೆಯ ಹಿಂದೆ ಬರೆದಿದ್ದೇನೆ. ಅವಸರ ಮಾಡಬೇಡ. ನಿನ್ನ ಕೈ ನಡುಗುವುದಿಲ್ಲ, ಲ್ಯಾಬಿನಲ್ಲಿ ನೋಡಿದ್ದೇನೆ.

ವಾರ ವಾರ ಕೇಳುತ್ತಿರುವ ಪದ "ವರ್ಷದಿಂದ ಯಾರೂ ಕೇಳಿಲ್ಲ" ಎಂಬ ಪಟ್ಟಿಗೆ ಹೇಗೆ ಬಂತು ಎಂಬ ಪ್ರಶ್ನೆಯನ್ನು ಈಗ ಕೇಳುವುದಿಲ್ಲ.

ಹನುಮಂತರಾಜು


ಚಿತ್ರದುರ್ಗ
5 ಏಪ್ರಿಲ್ 2024

ಸರ್,

ಪದ ಉಳಿಯಿತು. ಮೊದಲು ಅದನ್ನು ಬರೆದುಬಿಡುತ್ತೇನೆ.

ಚಿತ್ತಯ್ಯನವರ ಫೋನ್ ಹತ್ತೂಕಾಲಿಗೆ ಬಂತು. "ಪೆಟ್ಗೆ ಆಫ್ ಮಾಡ್ಬ್ಯಾಡ ಅಂತೆ. ಹೊಳಲ್ಕೆರೇದು. ಯಾಕಂತ ನಂಗೊತ್ತಿಲ್ಲಮ್ಮ. ಪದ ಮುಗಿಯಂಗೂ ಇಲ್ವಂತೆ. ಮೇಷ್ಟ್ರು ಎರಡು ಚಪ್ಲಿ ಬೇರೆ ಬೇರೆ ಹಾಕ್ಕಂಡು ಬಸ್‌ಸ್ಟ್ಯಾಂಡಿಗೆ ಓಡ್ಯವ್ರೆ" ಎಂದರು. ನೀವು ಓಡಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಹೆದರಿಕೆಯಾಗಿ ತಕ್ಷಣ ದಾಕ್ಷಾಯಣಮ್ಮನಿಗೆ ಫೋನ್ ಮಾಡಿದೆ.

ಅವರು, "ಅಯ್ಯೋ, ಗಂಗಕ್ಕ ಇವತ್ತು ಬೇಗ ಬಂದು ಕುಂತವ್ಳಲ್ಲಮ್ಮ. ಇವತ್ತು ಮಂಗಳ ಕೇಳ್ತಾಳಂತೆ, ಸೇವಂತಿಗೆ ಹೂವ ಬೇರೆ ತಂದವ್ಳೆ. ಇನ್ನು ಐದು ನಿಮಿಷ ಐತೆ ಅಷ್ಟೆ" ಎಂದರು. ಆರು ತಿಂಗಳು ವಾರಕ್ಕೆ ಐದಾರು ನಿಮಿಷದಂತೆ ಕಲಿತು ಆವತ್ತೇ ಕೊನೆ ಮುಟ್ಟುವ ದಿನ. ನಿಲ್ಲಿಸಿ, ಫೋನ್ ಅವರ ಕೈಗೆ ಕೊಡಿ ಎಂದೆ.

"ಗಂಗಕ್ಕ, ಇವತ್ತು ಮಂಗಳ ಕೇಳ್ಬ್ಯಾಡ್ರಿ. ಕೇಳಿದ್ರೆ ಪದ ಹೊಂಟೋಗುತ್ತೆ" ಎಂದೆ. ಹಾಗೆಂದರೆ ಏನೆಂದು ನನಗೇ ಆಗ ತಿಳಿದಿರಲಿಲ್ಲ. ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ, "ನಾನೂ ಅದ್ಕೇ ಹೆದ್ರಿಕಂಡು ಕುಂತೀನವ್ವ. ಮಂಗಳ ಆದ್ರೆ ಅಕ್ಕ ಹೋದಂಗೇ ಅಲ್ವೇನು. ದೀಪ ಇರ್ಲಿ ಬಿಡು, ನೀ ಬಾ" ಎಂದರು. ಏನು, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ.

ನಿಮ್ಮ ಕಾಗದ ಒಂದೂವರೆಗೆ ಕೈಗೆ ಬಂತು. ಹೊಳಲ್ಕೆರೆ ಬಸ್ಸಿನಲ್ಲಿ ಕೂತು ನಾಲ್ಕು ಸಲ ಓದಿದೆ. ಮೂರು ಗಂಟೆಗೆ ಹೋದಾಗ ಗಂಗಕ್ಕ ಬೆಳಗಿನಿಂದ ಕೂತ ಜಾಗದಿಂದ ಎದ್ದಿರಲಿಲ್ಲ. ಹೂವು ಮಡಿಲಲ್ಲಿತ್ತು. ಕಣ್ಣು ಹಸಿರು ದೀಪದ ಮೇಲೆ. ದಾಕ್ಷಾಯಣಮ್ಮ ಊಟಕ್ಕೂ ಹೋಗದೆ ಬ್ಯಾಟರಿ ಪಕ್ಕ ಸ್ಟೂಲ್ ಹಾಕಿಕೊಂಡಿದ್ದರು. ನಿಮ್ಮ ಹಾಳೆ ತೊಡೆಯ ಮೇಲಿಟ್ಟು ಒಂದೊಂದೇ ಹೆಜ್ಜೆ ಮಾಡಿದೆ. ನಕಲು ಮುಗಿದ ಮೇಲೆ ಅದಕ್ಕೆ ಹೆಸರು ಕೊಟ್ಟು ನಡುವಿನಿಂದ ಹಾಕಿದೆ. ರೈಲು ಕೂಗಿತು, ಹೋಯಿತು. ಶಾಂತಕ್ಕ ಬಿಟ್ಟ ಅಕ್ಷರದಿಂದ ಹಿಡಿದರು. ನಾನು ಅಲ್ಲೇ ಅತ್ತುಬಿಟ್ಟೆ. ಗಂಗಕ್ಕ, "ಯಾಕವ್ವ ಅಳ್ತೀಯ, ರೈಲು ಹೋತಲ್ಲ" ಎಂದು ಒಂದು ಹೂವು ನನ್ನ ಮುಡಿಗೆ ಇಟ್ಟರು.

ಈಗ ನೀವು ಕೇಳದ ಪ್ರಶ್ನೆಗೆ ಉತ್ತರ. ಬೇಡವೆಂದ ಆ ಸಾಲನ್ನು ಸೆಪ್ಟೆಂಬರ್ ಮೂರನೇ ತಾರೀಕು ನಾನು ಬದಲಿಸಿದೆ. ಆವತ್ತಿನಿಂದ ನಾಲ್ಕೂ ಪೆಟ್ಟಿಗೆಗಳಲ್ಲಿ ಯಾರು ಏನು ಕೇಳಿದರೂ ಅದರ ತಾರೀಕು ಬರೆಯಲ್ಪಟ್ಟಿಲ್ಲ. ಶಾಂತಕ್ಕ ಇರುವ ತನಕ ರೆಕಾರ್ಡಿಂಗ್ ಯಾರಿಗೂ ಬೇಕಿರಲಿಲ್ಲ, ಅವರೇ ಹಾಡುತ್ತಿದ್ದರು. ಗಂಗಕ್ಕ ಕೇಳಲು ಕೂತದ್ದು ನಾನು ಸಾಲು ಬದಲಿಸಿದ ಮೇಲೆ. ಪೆಟ್ಟಿಗೆಯ ಪಾಲಿಗೆ ಅವರು ಬರಲೇ ಇಲ್ಲ. ನಿಮ್ಮ ಪ್ರೋಗ್ರಾಮ್ ಆ ತಾರೀಕನ್ನೇ ನಂಬಿ ಪಟ್ಟಿ ಮಾಡುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಮಾರಣ್ಣ ನಿಮ್ಮ ಕೈಮೇಲೆ ಬರೆದದ್ದನ್ನು ಓದಿದ ಮೇಲಂತೂ ಬಾಯಿ ಬಿಡಲು ಧೈರ್ಯ ಬರಲಿಲ್ಲ, ನೀವು ಹೊಗಳಿಬಿಟ್ಟಿದ್ದಿರಿ. ಇನ್ನು ಮೂವತ್ತು ಹಾಡುಗಳು ಹೋದವು. ಅವುಗಳಲ್ಲಿ ಯಾವುದನ್ನು ಯಾರು ಕೇಳುತ್ತಿದ್ದರೋ ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ. ಉಳಿದ ಮೂರು ಊರಿನ ಪೆಟ್ಟಿಗೆಗಳಿಂದ ಏನೂ ಅಳಿಸಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ.

ನಮ್ಮಪ್ಪ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು, ನಿಮಗೆ ಗೊತ್ತು. ಒಂಟಿ ಹಳಿಯ ಮೇಲೆ ರೈಲು ಬಿಡುವಾಗ ಡ್ರೈವರ್ ಕೈಗೆ ಟೋಕನ್ ಕೊಡುತ್ತಿದ್ದರು, ಆ ಟೋಕನ್ ವಾಪಸ್ ಬರುವ ತನಕ ಆ ಹಳಿ ಬೇರೆ ಯಾರಿಗೂ ಇಲ್ಲ. ನಿಮ್ಮ ಕಾಗದ ಓದುವಾಗ ಅದೇ ನೆನಪಾಯಿತು. ಎಲ್ಲೋ ಕೂತು ಆ ನಿಯಮ ಬರೆದವರಿಗೆ ಹೊಳಲ್ಕೆರೆ ಗೊತ್ತಿರಲಿಲ್ಲ, ಗಂಗಕ್ಕ ಗೊತ್ತಿರಲಿಲ್ಲ. ಆದರೂ ಹೀಗೊಬ್ಬರು ಹಿಡಿದು ಕೂತಿರಬಹುದು ಎಂದು ಯೋಚಿಸಿದ್ದಾರೆ. ಮೊನ್ನೆ ಕಿಟಕಿಯಿಂದ ಆ ಪುಸ್ತಕ ತೆಗೆದು, ಧೂಳು ಒರೆಸಿ, ಓದಲು ಶುರುಮಾಡಿದೆ.

ಅನುಸೂಯ


ಮಾರಿಕಣಿವೆ
20 ಏಪ್ರಿಲ್ 2024

ಅನುಸೂಯಮ್ಮ,

ನಿನ್ನ ಕಾಗದವನ್ನು ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ಕೆಂಪು ಗೆರೆ ಒಂದೇ ಕಡೆ ಇದೆ, "ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ" ಎಂಬ ಸಾಲಿನ ಮೇಲೆ. ಉಳಿದದ್ದೆಲ್ಲ ಸರಿಯಿದೆ.

ಈಗ ನನ್ನ ತಪ್ಪಿನ ಲೆಕ್ಕ. ನೀನು ಬದಲಿಸಲೇ ಎಂದು ಕೇಳಿದೆ. ನಾನು ನಿಯಮ ನಿಯಮವೇ ಎಂದೆ. ಮಾರ್ಚಿನ ಪಟ್ಟಿ ಆ ತಾರೀಕಿನ ಮೇಲೆ ನಿಂತಿದೆ ಎಂದು ಒಂದು ಸಾಲು ಬರೆದಿದ್ದರೆ ನೀನು ಮುಟ್ಟುತ್ತಿರಲಿಲ್ಲ. ಪಟ್ಟಿಯನ್ನು ಪ್ರತಿ ವರ್ಷ ನಾನು ಹೆಸರು ನೋಡಿ, ನಾಲ್ಕೂ ಲೈಬ್ರರಿಯಲ್ಲಿ ವಿಚಾರಿಸಿ ಅಳಿಸುತ್ತಿದ್ದೆ. ಅದನ್ನೂ ಹೇಳಿಕೊಡಲಿಲ್ಲ. ಮೇಷ್ಟ್ರಿಗೆ ಕಾರಣ ಕೇಳಿದರೆ ಸಿಟ್ಟು ಬರುತ್ತದಲ್ಲ.

ಇನ್ನೊಂದು ದೊಡ್ಡ ತಪ್ಪು. ನಿಧಾನ ಆದರೆ ಆಗಲಿ ಎಂದೆ. ಮಾರಣ್ಣನ ಅಜ್ಜಿ ಎಂಟು ವರ್ಷ ನನ್ನ ಹಟಕ್ಕೆ ಬಿಕ್ಕಳಿಸಿದಳು. ಎರಡಕ್ಕೂ ನಡುವಿನ ದಾರಿ ಬಹಳ ಹಿಂದೆಯೇ ಬೇರೆಯವರು ಕಂಡುಕೊಂಡಿದ್ದಾರೆ, ನಿನ್ನ ಪೆಟ್ಟಿಗೆಯೊಳಗೇ ಇದೆ. ಪ್ರತಿ ಗುಟುಕಿಗೂ ಸಹಿ ಬೇಡ. ದಿನಕ್ಕೆ ಒಂದು ಸಲ, ಆ ದಿನ ಮೊದಲು ಕೇಳಿದಾಗ ಮಾತ್ರ ತಾರೀಕು, ವೇಳೆ ಬರೆದರೆ ಸಾಕು. ಸ್ಟ್ಯಾಂಡರ್ಡಿನ ಅಕ್ಷರ ಸ್ವಲ್ಪ ತಪ್ಪುತ್ತದೆ, ಅದರ ಉದ್ದೇಶ ತಪ್ಪುವುದಿಲ್ಲ. ನನಗೆ ಇದು ಗೊತ್ತಿತ್ತು. ಅಕ್ಷರ ಬಿಡಲು ಮನಸ್ಸಾಗದೆ ಹಾಕಿರಲಿಲ್ಲ. ಯಾವ ಸಾಲು ಎಂದು ಕೆಳಗೆ ಬರೆದಿದ್ದೇನೆ, ಈ ಸಲ ಕಾರಣದ ಸಮೇತ.

ಹೋದ ಮೂವತ್ತರಲ್ಲಿ ಇಪ್ಪತ್ತೆರಡರದು, ಆ ರೆಕಾರ್ಡರ್ ಬರುವ ಮುಂಚೆ ಹಿಡಿದ ಕ್ಯಾಸೆಟ್‌ಗಳು, ನನ್ನ ಟ್ರಂಕಿನಲ್ಲಿ ಸಿಕ್ಕಿದವು. ಚಿತ್ತಯ್ಯನ ಮಗಳು ಒಂದೊಂದನ್ನೇ ಕೇಳಿ ಸರಿಯಿದೆಯೆಂದು ತಲೆಯಾಡಿಸಿದಳು. ಪಾರ್ಸೆಲ್ ಮಾಡುತ್ತೇನೆ. ಎಂಟು ಹೋದವು. ಅದರ ನೋವು ನಿನಗಿರಲಿ, ನನಗೂ ಇದೆ.

ಒಂದು ವಿಷಯ ಮತ್ತೆ ಮತ್ತೆ ಓದಿದೆ. ಯಾಕೆಂದು ಕೂಡ ತಿಳಿಯದೆ ಆ ಹೆಂಗಸಿಗೆ ಮಂಗಳ ಕೇಳಬೇಡ ಎಂದೆಯಲ್ಲ, ಕಾಗದ ಬರುವ ಮೊದಲೇ. ಎಂಟು ವರ್ಷ ಕೆಲಸ ಮಾಡಿದ ನಾನು ಅಷ್ಟು ಬೇಗ ಹೇಳುತ್ತಿದ್ದೆನೋ ಇಲ್ಲವೋ.

ಶ್ರಾವಣಕ್ಕೆ ಬನ್ನಿ ಎಂದು ದಾಕ್ಷಾಯಣಮ್ಮ ಚಿತ್ತಯ್ಯನ ಫೋನಿಗೆ ಹೇಳಿದರಂತೆ. ಕೇಳಿಸದವನು ಬಂದು ಏನು ಮಾಡಲಿ. ನೀವೆಲ್ಲ ಕೇಳಿ.

ಹನುಮಂತರಾಜು


ಚಿತ್ರದುರ್ಗ
13 ಜುಲೈ 2024, ಶನಿವಾರ

ಸರ್,

ಕ್ಯಾಸೆಟ್‌ಗಳೆಲ್ಲ ಪೆಟ್ಟಿಗೆ ಸೇರಿದವು. ನೀವು ಹೇಳಿದ ಸಾಲು ನಾಲ್ಕೂ ಊರಿನಲ್ಲಿ ಹಾಕಿ ಎರಡೂವರೆ ತಿಂಗಳಾಯಿತು, ಹಾಡು ಎಲ್ಲೂ ತಡವರಿಸಿಲ್ಲ. ಈಗ ಪ್ರತಿ ಶನಿವಾರ ನಾನೇ ಕೂತು ಯಾವ ಹಾಡನ್ನು ಕೊನೆಯ ಸಲ ಯಾವಾಗ ಕೇಳಿದ್ದಾರೆ ಎಂದು ಹೆಸರು ಸಮೇತ ನೋಡುತ್ತೇನೆ. ಏಳೆತ್ತಿನ ಪದದ ಮುಂದೆ ಯಾವಾಗಲೂ ಒಂದೇ ಥರ, ಮಂಗಳವಾರ, ಹನ್ನೊಂದು ಗಂಟೆ. ಮುಂದಿನ ವಾರ ನೋಡಿದರೂ ಮಂಗಳವಾರ.

ಇವತ್ತು ನೋಡಿದರೆ, ನಿನ್ನೆ, ಶುಕ್ರವಾರ, ಹತ್ತು ಐವತ್ತು ಎಂದಿದೆ.

ಗಂಗಕ್ಕ ಶುಕ್ರವಾರ ಬರುವವರಲ್ಲ. ದಾಕ್ಷಾಯಣಮ್ಮನಿಗೆ ಫೋನ್ ಮಾಡಿದೆ. "ಯಾರೋ ವಯಸ್ಸಾದೋರು ಬಂದಿದ್ರಮ್ಮ. ಹಿರಿಯೂರು ಕಡೆಯಿಂದ ಎರಡು ಬಸ್ಸು ಹತ್ತಿ ಬಂದೀನಿ ಅಂದ್ರು. ಬಿಳಿ ಅಂಗಿ, ಜೇಬಾಗೆ ಕೆಂಪು ಪೆನ್ನು. ಕುಂತ್ಕಳ್ರಿ ಅಂತ ಹೆಡ್‌ಫೋನ್ ಕೊಟ್ರೆ ಬ್ಯಾಡ ಅಂದ್ರು. ಹೊರಗಿನ ಸ್ಪೀಕರ್ ಹಾಕಿಸ್ಕಂಡು ಅದರ ಮ್ಯಾಲೆ ಅಂಗೈ ಇಟ್ಕಂಡು ಕುಂತ್ಬಿಟ್ರು. ಎರಡು ಗಂಟೆ ಮ್ಯಾಲಾತು, ಕೈ ತೆಗೀಲಿಲ್ಲ. ನಡುವೆ ಶಾಂತಕ್ಕ ನಿಲ್ತಾಳಲ್ಲ, ರೈಲು ಕೂಗ್ತೈತಲ್ಲ, ಆಗ ಮಾತ್ರ ನಗಾಡಿದ್ರು. ಏನು ತಿಳೀತೈತೆ ಸಾರ್ ಅಂತ ಸನ್ನೆ ಮಾಡಿದೆ. ನಡೀತೈತೆ ಅಂದ್ರು, ಅಷ್ಟೆ" ಎಂದರು. ಮಂಗಳಕ್ಕೆ ಮುಂಚೆ ನಿಲ್ಲಿಸಿ, ಮುಚ್ಚಬೇಡಿ, ದೀಪ ಇರಲಿ ಎಂದು ಹೇಳಿ ಎದ್ದು ಹೋದರಂತೆ.

ನೀವು ನನಗೆ ಹೇಳದೆ ಬಂದು ಹೋದಿರಿ ಸರ್. ಆ ಸಾಲು ಇಲ್ಲದಿದ್ದರೆ ನೀವು ಬಂದದ್ದು ನನಗೆ ತಿಳಿಯುತ್ತಲೇ ಇರಲಿಲ್ಲ.

ಗಂಗಕ್ಕನಿಗೂ ಹೇಳಿದೆ. ಶ್ರಾವಣದ ಎರಡನೇ ಸೋಮವಾರ ಎತ್ತುಗಳ ಮುಂದೆ ಪದ ಹೇಳುತ್ತಾರೆ, ಪೂರ್ತಿ, ಮಂಗಳದ ತನಕ. ಕೇಳಿಸದವನು ಬಂದು ಏನು ಮಾಡಲಿ ಎಂದು ಬರೆದಿದ್ದಿರಲ್ಲ, ಅದನ್ನೂ ಓದಿ ಹೇಳಿದೆ. ಅವರು, "ಬರ್ಲಿ ಹೇಳವ್ವ. ನನ್ನ ಬೆನ್ನಿನ ಮ್ಯಾಲೆ ಕೈ ಇಟ್ಕಂಡು ಕುಂತ್ಕಳ್ಳಿ. ನಮ್ಮಕ್ಕ ಹಾಡ್ವಾಗ ನಾನೂ ಹಂಗೇ ಕುಂತು ಕಲ್ತಿದ್ದು" ಎಂದರು.

ಬಸ್ಸಿಗೆ ಬರಬೇಡಿ, ಹಿಂದಿನ ದಿನ ನಾನೇ ಮಾರಿಕಣಿವೆಗೆ ಬಂದು ಕರೆದುಕೊಂಡು ಹೋಗುತ್ತೇನೆ. ಒಂದೇ ಜೊತೆಯ ಚಪ್ಪಲಿ ಹಾಕಿಕೊಂಡು ತಯಾರಾಗಿರಿ.

ನಿಮ್ಮ
ಅನುಸೂಯ